ಮೂರು ಮಹಡಿಯೋ, ಒಂದು ಅಂಗಳವೋ?

'ಮನೆ ಕಟ್ಟಿ ನೋಡು' ಎಂದರು ಹಿರಿಯರು. ಈಗ ಕೃಷ್ಣರಾಜಪುರದ ಕಡೆ ಕಟ್ಟಿಟ್ಟ ಮನೆಯನ್ನು ಆರಿಸುವುದೇ ದೊಡ್ಡ ಪರೀಕ್ಷೆ.

ಒಂದು ಕುಟುಂಬ ಎಂದಿಟ್ಟುಕೊಳ್ಳಿ. ಮಗಳು ಪಿ.ಯು.ಸಿ., ಮಗ ಎಂಟನೇ ತರಗತಿ, ಜೊತೆಗೆ ಮಂಡಿನೋವಿನ ಅಜ್ಜಿ. ಒಂದೇ ಬೆಲೆಗೆ ಎರಡು ಹೊಸ ಮನೆ. ಮೊದಲನೆಯದು 20×30 ಸೈಟಿನಲ್ಲಿ ಮೂರು ಅಂತಸ್ತು, ಮೆಟ್ರೊ ನಿಲ್ದಾಣದ ಹತ್ತಿರ. ಎರಡನೆಯದು ಭಟ್ಟರಹಳ್ಳಿಯಾಚೆ 30×40ರಲ್ಲಿ, ಎಲ್ಲ ಕೋಣೆಯೂ ನೆಲಮಟ್ಟದಲ್ಲೇ, ಮುಂದೆ ಪುಟ್ಟ ಅಂಗಳ. ಆದರೆ ನಿಲ್ದಾಣಕ್ಕೆ ಬಸ್ಸೇ ಗತಿ.

ಮಕ್ಕಳೇ, ಲೆಕ್ಕ ನೀವು ಮಾಡಿ. ಮೆಟ್ಟಿಲಿಗೆ 6×12 ಅಡಿ ಹೋದರೆ 72 ಚದರಡಿ. ಮೂರು ಅಂತಸ್ತಿಗೆ 216. ಹತ್ತಡಿ ಚೌಕದ ಎರಡು ಕೋಣೆಗಳನ್ನು ಮೆಟ್ಟಿಲೇ ನುಂಗಿತು! ಪಕ್ಕದ ಗೋಡೆ ತಾಗಿಕೊಂಡಿದ್ದರೆ ಹಗಲಲ್ಲೂ ದೀಪ ಹಚ್ಚಿಯೇ ಓದಬೇಕು.

ಇನ್ನೊಂದು ಬದಿಯನ್ನೂ ನೋಡಿ. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿ-ಕೆ.ಆರ್. ಪುರ ಮಾರ್ಗ ತೆರೆದ ಮೇಲೆ ಇಂದಿರಾನಗರ, ಹಲಸೂರಿಗೆ ನೇರ ರೈಲುಂಟು. ದಿನಕ್ಕೆ ಒಂದು ಗಂಟೆ ಉಳಿದರೆ 200 ಕಾಲೇಜು ದಿನಗಳಿಗೆ 200 ಗಂಟೆ. ಪರೀಕ್ಷೆ ಹತ್ತಿರವಿರುವ ಹುಡುಗಿಗೆ ಅದೇನು ಕಡಿಮೆಯೇ?

ಹಾಗಾದರೆ ಯಾವುದು? ಮೊದಲ ಮನೆಯ ಕೆಳ ಅಂತಸ್ತಿನಲ್ಲಿ ಅಜ್ಜಿಗೊಂದು ಕೋಣೆ, ಬಚ್ಚಲು ಇದ್ದರೆ ಅದೇ ಸರಿ. ಮಗಳ ಓದು ಕಾಯುವುದಿಲ್ಲ. ಇಲ್ಲವಾದರೆ ಎರಡನೆಯದೇ ಲೇಸು. ಬಸ್ಸಿನ ಬೇಸರ ಎರಡು ವರ್ಷದ್ದು, ಅಜ್ಜಿಯ ಮಂಡಿ ನಿತ್ಯದ್ದು.

ಪಾಲಕರೇ, ಮುಂಗಡ ಕೊಡುವ ಮುನ್ನ ಖಾತೆ ಎ ಯೋ ಬಿ ಯೋ, ಕಾವೇರಿ ನೀರಿನ ಸಂಪರ್ಕವುಂಟೋ ವಿಚಾರಿಸಿ. ಮಳೆ ಬಂದ ದಿನ ಆ ಬೀದಿಯಲ್ಲಿ ಒಮ್ಮೆ ನಡೆಯಿರಿ. ಮಕ್ಕಳನ್ನೂ ಕರೆದೊಯ್ಯಿರಿ, ಅಲ್ಲಿ ಕೂತು ಓದುವವರು ಅವರೇ ತಾನೆ?