ಎಕ್ಸ್‌ಪ್ರೆಸ್‌ವೇ ವೇಗ, ಕಾರಿನಡಿ ಹೊರಗಿನ ಸ್ಪ್ರಿಂಗ್: ಹಿಂದಿನ ಸಸ್ಪೆನ್ಷನ್ ಬದಲಿಸುವ ಮುನ್ನ ತಿಳಿಯಬೇಕಾದದ್ದೇನು?

ಮುಂಬೈ-ನಾಗ್ಪುರ ಸಮೃದ್ಧಿ ಮಹಾಮಾರ್ಗದ ಕೊನೆಯ ಹಂತ 2025ರ ಜೂನ್ 5ರಂದು ಉದ್ಘಾಟನೆಯಾಯಿತು. ಇದರೊಂದಿಗೆ 701 ಕಿ.ಮೀ. ಉದ್ದದ ಇಡೀ ಎಕ್ಸ್‌ಪ್ರೆಸ್‌ವೇ ಸಂಚಾರಕ್ಕೆ ಮುಕ್ತವಾಗಿದೆ. ಗಂಟೆಗೆ 150 ಕಿ.ಮೀ. ವೇಗಕ್ಕೆ ವಿನ್ಯಾಸಗೊಂಡ ರಸ್ತೆಯಿದು. ಕಾರುಗಳಿಗೆ ಇಲ್ಲಿ 120 ಕಿ.ಮೀ. ಮಿತಿ. ಶಿರಡಿ ದರ್ಶನ ಮುಗಿಸಿ ವೈಜಾಪುರ ದಾಟಿ ಎಲ್ಲೋರದ ಕೈಲಾಸನಾಥನನ್ನು ನೋಡಲು ಹೊರಡುವ ಕನ್ನಡಿಗರಿಗೆ ಈ ಸೀಮೆ ಹೊಸದೇನಲ್ಲ.

ರಸ್ತೆ ಬದಲಾಗಿದೆ, ಕಾರುಗಳೂ ಬದಲಾಗುತ್ತಿವೆ. ಕಂಪನಿ ಕೊಟ್ಟ ಹಿಂದಿನ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಬಿಚ್ಚಿ, ಮಾರುಕಟ್ಟೆಯಲ್ಲಿ ಸಿಗುವ ಬೇರೆ ಭಾಗ ಹಾಕಿಸುವ ಅಭ್ಯಾಸ ಬೆಂಗಳೂರು, ಪುಣೆ, ಕೊಚ್ಚಿಯಂಥ ನಗರಗಳಲ್ಲಿ ವರ್ಷಗಳಿಂದ ಇದೆ. ಊರೊಳಗೆ 50ರ ವೇಗದಲ್ಲಿ ಗೊತ್ತಾಗದ ತಪ್ಪು ಜೋಡಣೆ ಎಕ್ಸ್‌ಪ್ರೆಸ್‌ವೇಯಲ್ಲಿ 120ರ ವೇಗದಲ್ಲಿ ಬಯಲಾಗುತ್ತದೆ. ಟೋಲ್‌ನಲ್ಲಾಗಲಿ ಆರ್‌ಟಿಒದಲ್ಲಾಗಲಿ ಖಾಸಗಿ ಕಾರಿನ ಅಡಿಭಾಗವನ್ನು ನಿಯಮಿತವಾಗಿ ನೋಡುವವರಿಲ್ಲ. ಈಗ ಚರ್ಚೆಯಾಗಬೇಕಿರುವುದು ಇದೇ.

ವೈಜಾಪುರದ ದುರಂತ ಕಲಿಸಿದ್ದು

2023ರ ಅಕ್ಟೋಬರ್ 15ರ ನಸುಕಿನಲ್ಲಿ ವೈಜಾಪುರದ ಜಾಂಬರಗಾಂವ್ ಟೋಲ್ ಬಳಿ ಮಿನಿ ಬಸ್ಸೊಂದು ಲಾರಿಗೆ ಅಪ್ಪಳಿಸಿ 12 ಮಂದಿ ಸತ್ತರು, 23 ಮಂದಿ ಗಾಯಗೊಂಡರು. ಬುಲ್ಢಾಣಾ ಜಿಲ್ಲೆಯ ಸೈಲಾನಿ ಬಾಬಾ ದರ್ಗಾಕ್ಕೆ ಹೋಗಿ ನಾಸಿಕ್‌ಗೆ ಮರಳುತ್ತಿದ್ದ ಭಕ್ತರು ಅವರು. 17 ಜನರ ಸಾಮರ್ಥ್ಯದ ವಾಹನದಲ್ಲಿ 35 ಮಂದಿ ಇದ್ದರೆಂದು ಆಗ ವರದಿಯಾಗಿತ್ತು. ಎಕ್ಸ್‌ಪ್ರೆಸ್‌ವೇಯಲ್ಲೇ ಲಾರಿಯನ್ನು ತಡೆದು ನಿಲ್ಲಿಸಿದ ಆರೋಪದ ಮೇಲೆ ಇಬ್ಬರು ಆರ್‌ಟಿಒ ಅಧಿಕಾರಿಗಳ ಬಂಧನವೂ ಆಯಿತು.

ಆ ಅಪಘಾತಕ್ಕೂ ಸಸ್ಪೆನ್ಷನ್ ಮಾರ್ಪಾಡಿಗೂ ಸಂಬಂಧವಿಲ್ಲ. ಆದರೆ ನಮ್ಮ ತಪಾಸಣೆಯ ಸ್ವರೂಪವನ್ನು ಅದು ತೋರಿಸಿಕೊಟ್ಟಿತು. ಸಾಮರ್ಥ್ಯದ ಎರಡು ಪಟ್ಟು ಜನರನ್ನು ತುಂಬಿಕೊಂಡ ವಾಹನವೇ ಯಾರ ಕಣ್ಣಿಗೂ ಬೀಳದೆ ಸಾಗುತ್ತದೆ ಎಂದರೆ, ಕಾರಿನಡಿಯಲ್ಲಿ ಅಡಗಿರುವ ಸ್ಪ್ರಿಂಗ್ ಕಾಣುವುದು ಯಾರಿಗೆ? ನಂತರದ ಕ್ರಮಗಳಲ್ಲಿ ಟೈರ್ ತಪಾಸಣೆ ಮತ್ತು ವೇಗ ನಿಯಂತ್ರಣಕ್ಕೆ ಒತ್ತು ಸಿಕ್ಕಿದೆ. ಆ ಟೈರನ್ನು ರಸ್ತೆಗೆ ಒತ್ತಿ ಹಿಡಿಯುವ ಸಸ್ಪೆನ್ಷನ್ ಮಾತ್ರ ಲೆಕ್ಕಕ್ಕೇ ಬಂದಿಲ್ಲ.

ವೇಗದ ಕಾರುಗಳ ಹಂಬಲ

ವೈಜಾಪುರ ಇರುವ ಛತ್ರಪತಿ ಸಂಭಾಜಿನಗರ (ಹಿಂದಿನ ಔರಂಗಾಬಾದ್) ಜಿಲ್ಲೆಗೂ ವಾಹನೋದ್ಯಮಕ್ಕೂ ಹತ್ತಿರದ ನಂಟು. 2001ರಲ್ಲಿ ಸ್ಕೋಡಾ ಕಂಪನಿ ಭಾರತದಲ್ಲಿ ಆಕ್ಟೇವಿಯಾ ಜೋಡಣೆ ಆರಂಭಿಸಿದ್ದು ಇಲ್ಲೇ. ಬೈಕ್‌ಗಳ ಶಾಕ್ ಅಬ್ಸಾರ್ಬರ್ ತಯಾರಿಸುವ ಎಂಡ್ಯೂರೆನ್ಸ್ ಟೆಕ್ನಾಲಜೀಸ್ ಕೂಡ ಇಲ್ಲಿನ ವಾಳೂಜ್ ಕೈಗಾರಿಕಾ ಪ್ರದೇಶದ್ದು. ಅದೇ ಆಕ್ಟೇವಿಯಾದ ವೇಗದ ಅವತಾರ ಆರ್‌ಎಸ್. 2025ರ ಅಕ್ಟೋಬರ್‌ನಲ್ಲಿ ಅದರ 100 ಕಾರುಗಳನ್ನಷ್ಟೇ ಆಮದು ಮಾಡಿ ಮಾರಾಟಕ್ಕಿಟ್ಟಾಗ ಎಕ್ಸ್ ಶೋರೂಂ ದರ 49.99 ಲಕ್ಷ ರೂಪಾಯಿ.

ಅಷ್ಟು ದುಡ್ಡಿಲ್ಲದವರು ಏನು ಮಾಡುತ್ತಾರೆ? ಹಳೆಯ ಆಕ್ಟೇವಿಯಾ ಆರ್‌ಎಸ್, ಪೋಲೋ ಜಿಟಿ ಟಿಎಸ್ಐ ಥರದ ಸೆಕೆಂಡ್ ಹ್ಯಾಂಡ್ ಕಾರು ಕೊಂಡು ರೆಡಿ ಮಾಡಿಸುತ್ತಾರೆ. ಎಂಜಿನ್ ಟ್ಯೂನಿಂಗ್ ಆದ ಮೇಲೆ ಸರದಿ ಸಸ್ಪೆನ್ಷನ್‌ನದು. ಕಾರನ್ನು ತಗ್ಗಿಸುವ ಸ್ಪ್ರಿಂಗ್, ಎತ್ತರ ಹೊಂದಿಸಬಹುದಾದ ಕಾಯಿಲ್‌ಓವರ್, ದಪ್ಪನೆಯ ಆಂಟಿ ರೋಲ್ ಬಾರ್, ಗಟ್ಟಿ ಪಾಲಿಯುರೆಥೇನ್ ಬುಷ್ ಇವೆಲ್ಲ ಆನ್‌ಲೈನ್‌ನಲ್ಲೇ ಸಿಗುತ್ತವೆ. ಕಾರಿನ ಹಿಂಭಾಗ ಎತ್ತರಿಸಲು ಸ್ಪ್ರಿಂಗ್ ಸುರುಳಿಗಳ ನಡುವೆ ತುರುಕುವ ರಬ್ಬರ್ ಬಫರ್‌ಗಳು ರಸ್ತೆಬದಿಯ ಆಕ್ಸೆಸರೀಸ್ ಅಂಗಡಿಯಲ್ಲೂ ಲಭ್ಯ.

ಹಿಂಭಾಗವೇ ಯಾಕೆ ಸೂಕ್ಷ್ಮ?

ಮುಂದಿನ ಚಕ್ರ ಹಿಡಿತ ಕಳೆದುಕೊಂಡರೆ ಕಾರು ತಿರುವಿನಲ್ಲಿ ತಿರುಗದೆ ನೇರ ಸಾಗುತ್ತದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಹೆಚ್ಚಿನ ಸಂದರ್ಭಗಳಲ್ಲಿ ಹಿಡಿತ ಮರಳುತ್ತದೆ. ಹಿಂದಿನ ಚಕ್ರ ಜಾರಿದರೆ ಕಥೆಯೇ ಬೇರೆ. ಕಾರು ಬುಗುರಿಯಂತೆ ತಿರುಗುತ್ತದೆ, ಗಾಬರಿಯಲ್ಲಿ ಕಾಲು ತೆಗೆದರೆ ಅಥವಾ ಬ್ರೇಕ್ ಒತ್ತಿದರೆ ಇನ್ನೂ ಜಾಸ್ತಿ. ಅದಕ್ಕಾಗಿಯೇ ಕಂಪನಿಗಳು ಸಾಮಾನ್ಯ ಕಾರುಗಳಲ್ಲಿ ಮುಂಭಾಗವೇ ಮೊದಲು ಹಿಡಿತ ಬಿಡುವಂತೆ ಸಸ್ಪೆನ್ಷನ್ ಹೊಂದಿಸಿರುತ್ತವೆ. ಹಿಂದೆ ದಪ್ಪನೆಯ ಆಂಟಿ ರೋಲ್ ಬಾರ್ ಹಾಕಿದಾಗ ಈ ಸಮತೋಲನವೇ ಬದಲಾಗುತ್ತದೆ. ಒಣ ರಸ್ತೆಯಲ್ಲಿ ಕಾರು ಚುರುಕೆನಿಸುತ್ತದೆ, ಮಳೆಯಲ್ಲಿ ಅದೇ ಚುರುಕುತನ ಕೈಕೊಡಬಹುದು.

ಎರಡನೆಯ ಕಾರಣ ಭಾರ. ಹಿಂದಿನ ಸೀಟಿನ ಮೂವರು, ಡಿಕ್ಕಿಯ ಲಗೇಜ್ ಬಹುಪಾಲು ಹೊರುವುದು ಹಿಂದಿನ ಸ್ಪ್ರಿಂಗ್‌ಗಳೇ. ಕಾರನ್ನು 30 ಮಿ.ಮೀ. ತಗ್ಗಿಸಿದರೆ ಸ್ಪ್ರಿಂಗ್ ಕುಗ್ಗಲು ಇರುವ ಜಾಗವೂ ಅಷ್ಟೇ ಕಡಿಮೆಯಾಗುತ್ತದೆ. ಒಬ್ಬರೇ ಓಡಿಸುವಾಗ ಸೊಗಸಾಗಿದ್ದ ಕಾರು ಕುಟುಂಬ ಸಮೇತ ಹೊರಟಾಗ ಬಂಪ್ ಸ್ಟಾಪ್ ಎಂಬ ರಬ್ಬರ್ ತಡೆಗೆ ಪದೇಪದೇ ಬಡಿಯುತ್ತದೆ. ಬಡಿದ ಕ್ಷಣ ಸಸ್ಪೆನ್ಷನ್ ಇದ್ದೂ ಇಲ್ಲದಂತೆ. ತಿರುವಿನಲ್ಲಿ ಹೀಗಾದರೆ ಚಕ್ರ ರಸ್ತೆಯಿಂದ ಜಿಗಿಯುತ್ತದೆ.

ಮೂರನೆಯದು ಕಾಂಕ್ರೀಟ್. ಕಾಂಕ್ರೀಟ್ ರಸ್ತೆಗಳಲ್ಲಿ ಸಾಮಾನ್ಯವಾಗಿ 4.5 ಮೀಟರ್‌ಗೊಂದು ಕೀಲು ಇರುತ್ತದೆ. 120 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 33 ಮೀಟರ್ ಸಾಗುತ್ತದೆ, ಅಂದರೆ ಸೆಕೆಂಡಿಗೆ ಏಳು ಕೀಲು. ಗಟ್ಟಿ ಸ್ಪ್ರಿಂಗ್ ಹಾಕಿ ಹಳೆಯ ಶಾಕ್ ಅಬ್ಸಾರ್ಬರನ್ನೇ ಉಳಿಸಿಕೊಂಡರೆ ಈ ಸತತ ಕುಲುಕಾಟವನ್ನು ಅದು ತಡೆಯಲಾರದು. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದಕ್ಕೊಂದು ಹೊಂದುವ ಜೋಡಿಯಾಗಿರಬೇಕು ಎನ್ನುವುದು ಇದಕ್ಕೇ. ರಬ್ಬರ್ ಬಫರ್‌ನದೂ ಇದೇ ಕಥೆ: ಅದು ಒಂದು ಸುರುಳಿಯ ಚಲನೆಯನ್ನೇ ಕಟ್ಟಿಹಾಕಿ ಒತ್ತಡವನ್ನೆಲ್ಲ ಉಳಿದ ಸುರುಳಿಗಳ ಮೇಲೆ ಹಾಕುತ್ತದೆ.

ಜೋಡಣೆಯಲ್ಲಿ ಎಡವುವುದೆಲ್ಲಿ?

ಭಾಗ ಒಳ್ಳೆಯದಿದ್ದರೂ ಜೋಡಣೆ ಕೆಟ್ಟರೆ ಪ್ರಯೋಜನವಿಲ್ಲ. ಗ್ಯಾರೇಜ್‌ಗಳಲ್ಲಿ ಹೆಚ್ಚಾಗಿ ಆಗುವ ತಪ್ಪು ಬುಷ್ ಬೋಲ್ಟ್ ಬಿಗಿಯುವಾಗಿನದು. ಕಾರು ಲಿಫ್ಟ್ ಮೇಲಿದ್ದು ಚಕ್ರ ಜೋತುಬಿದ್ದಾಗಲೇ ಬೋಲ್ಟ್ ಬಿಗಿದರೆ, ಕಾರು ಕೆಳಗಿಳಿದ ಕೂಡಲೇ ರಬ್ಬರ್ ಬುಷ್ ತಿರುಚಿಕೊಂಡೇ ಕೂರುತ್ತದೆ. ಕೆಲವೇ ತಿಂಗಳಲ್ಲಿ ಅದು ಹರಿಯುತ್ತದೆ. ಚಕ್ರದ ಮೇಲೆ ಕಾರಿನ ಭಾರ ಬಿದ್ದ ಸ್ಥಿತಿಯಲ್ಲಿ, ಕಂಪನಿ ಹೇಳಿದಷ್ಟೇ ಬಲದಲ್ಲಿ, ಟಾರ್ಕ್ ರೆಂಚ್‌ನಿಂದ ಬಿಗಿಯುವುದು ಸರಿಯಾದ ಕ್ರಮ. ಒಮ್ಮೆ ಬಿಗಿದ ಮೇಲೆ ಮತ್ತೆ ಬಳಸಬಾರದೆಂದು ಕಂಪನಿ ಸೂಚಿಸಿದ ಬೋಲ್ಟ್‌ಗಳಿದ್ದರೆ ಹೊಸದನ್ನೇ ಹಾಕಬೇಕು.

ಇನ್ನು ಕೆಲವು ಅಂಶಗಳು:

* ಎಡ-ಬಲ ಎರಡೂ ಬದಿಯ ಭಾಗಗಳನ್ನು ಒಟ್ಟಿಗೇ ಬದಲಿಸಬೇಕು. ಒಂದೇ ಬದಿ ಬದಲಿಸಿದರೆ ಬ್ರೇಕ್ ಹಾಕಿದಾಗ ಕಾರು ಎಳೆಯಬಹುದು.

* ಸ್ಪ್ರಿಂಗ್‌ನ ತುದಿ ಅದರ ರಬ್ಬರ್ ಪೀಠದ ತಡೆಗೆ ಸರಿಯಾಗಿ ತಾಗಿ ಕೂತಿರಬೇಕು.

* ಚಕ್ರ ಪೂರ್ತಿ ಇಳಿದಾಗ ಬ್ರೇಕ್ ಹೋಸ್ ಮತ್ತು ಎಬಿಎಸ್ ಸೆನ್ಸರ್ ವೈರ್ ಬಿಗಿಯಾಗಿ ಎಳೆಯಬಾರದು.

* ತಾನಾಗಿ ಹೊಂದಿಕೊಳ್ಳುವ ಹೆಡ್‌ಲೈಟ್ ಇರುವ ಕಾರುಗಳಲ್ಲಿ ಹಿಂದಿನ ಆರ್ಮ್‌ಗೆ ಎತ್ತರ ಅಳೆಯುವ ಸೆನ್ಸರ್ ಇರಬಹುದು. ಕಾರಿನ ಎತ್ತರ ಬದಲಾದ ಮೇಲೆ ಅದನ್ನು ಮತ್ತೆ ಹೊಂದಿಸದಿದ್ದರೆ ಬೆಳಕು ಎದುರಿನವರ ಕಣ್ಣಿಗೇ ಕುಕ್ಕುತ್ತದೆ.

* ಒತ್ತಿಹಿಡಿದ ಸ್ಪ್ರಿಂಗ್ ಜಾರಿದರೆ ಪ್ರಾಣಕ್ಕೇ ಕುತ್ತು. ಸರಿಯಾದ ಕಂಪ್ರೆಸರ್ ಇಲ್ಲದೆ, ಬರೀ ಜಾಕ್ ನಂಬಿ ಮನೆಯಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ.

ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಕಡ್ಡಾಯ, ಮುಂದಿನ ಚಕ್ರದ್ದಷ್ಟೇ ಅಲ್ಲ, ನಾಲ್ಕೂ ಚಕ್ರದ್ದು. ಆಕ್ಟೇವಿಯಾ ಆರ್‌ಎಸ್‌ನಂಥ ಮಲ್ಟಿಲಿಂಕ್ ಕಾರಿನಲ್ಲಿ ಹಿಂದಿನ ಚಕ್ರದ ಕೋನವನ್ನು ಹೊಂದಿಸಬಹುದು. ಪೋಲೋದಂಥ ಟಾರ್ಷನ್ ಬೀಮ್ ಕಾರಿನಲ್ಲಿ ಅಂಥ ಹೊಂದಾಣಿಕೆ ಇರುವುದಿಲ್ಲ. ಅಲ್ಲಿ ಅಳತೆ ತಪ್ಪಿದೆ ಎಂದರೆ ಬೀಮ್ ಬಾಗಿರಬಹುದು ಅಥವಾ ಬುಷ್ ಸವೆದಿರಬಹುದು.

ಶಬ್ದ ಬಂದರೆ ಹುಡುಕುವುದು ಹೇಗೆ?

ಹೊಸ ಭಾಗ ಹಾಕಿಸಿದ ವಾರದಲ್ಲೇ ಹಿಂದಿನಿಂದ 'ಟಕ್ ಟಕ್' ಸದ್ದು ಎಂಬುದು ಬಹುತೇಕರ ದೂರು. ಸಣ್ಣ ಗುಂಡಿಗಳಲ್ಲಿ ನಿಧಾನ ಹೋಗುವಾಗ ಸದ್ದು ಬಂದರೆ ಮೊದಲು ಶಾಕ್ ಅಬ್ಸಾರ್ಬರ್‌ನ ಮೇಲಿನ ಮೌಂಟ್ ನಟ್ಟು, ಆಮೇಲೆ ಆಂಟಿ ರೋಲ್ ಬಾರ್‌ನ ಲಿಂಕ್ ನೋಡಿಸಿ. ದೊಡ್ಡ ಹಂಪ್‌ನಲ್ಲಿ, ಅದೂ ಜನ ತುಂಬಿದಾಗ ಮಾತ್ರ 'ದಡ್' ಎಂದರೆ ಅದು ಬಂಪ್ ಸ್ಟಾಪ್. ಕೀರಲು ದನಿ ಬಂದರೆ ಪಾಲಿಯುರೆಥೇನ್ ಬುಷ್‌ಗೆ ಗ್ರೀಸ್ ಸಾಲದಾಗಿರಬಹುದು.

ಟೈರ್ ಕೂಡ ಮಾತಾಡುತ್ತದೆ. ಹಿಂದಿನ ಟೈರಿನ ಒಳಅಂಚು ಮಾತ್ರ ಬೇಗ ಸವೆಯುತ್ತಿದ್ದರೆ ಚಕ್ರದ ಕೋನ ತಪ್ಪಿದೆ. ಟೈರ್ ಮೇಲೆ ಅಲ್ಲಲ್ಲಿ ಗುಳಿ ಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಮೇಲೆ ಅನುಮಾನಪಡಬೇಕು. ಹೆದ್ದಾರಿಯಲ್ಲಿ ಲೇನ್ ಬದಲಿಸಿದಾಗ ಹಿಂಭಾಗ ತುಸು ತಡವಾಗಿ ಹಿಂಬಾಲಿಸಿದಂತೆ ಅನಿಸಿದರೆ ವೇಗ ಇಳಿಸಿ, ಪರೀಕ್ಷೆ ಆಗುವವರೆಗೆ ಎಕ್ಸ್‌ಪ್ರೆಸ್‌ವೇಗೆ ಹೋಗಬೇಡಿ. ಸದ್ದಿಲ್ಲದಿದ್ದರೂ, ಹೊಸ ಸ್ಪ್ರಿಂಗ್ ಕೂತುಕೊಳ್ಳುವುದರಿಂದ ಮೊದಲ 1,000 ಕಿ.ಮೀ. ಒಳಗೆ ಬೋಲ್ಟ್ ಮತ್ತು ಅಲೈನ್‌ಮೆಂಟ್ ಮರುಪರಿಶೀಲನೆ ಅಗತ್ಯ.

ಕಾನೂನು ಏನೆನ್ನುತ್ತದೆ?

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿನ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್, ಬಿಡಿಭಾಗ ಜೋಡಿಸಿ ಅನುಮತಿಯಿಲ್ಲದ ಮಾರ್ಪಾಡು ಮಾಡುವ ಮಾಲೀಕರಿಗೆ 6 ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಸುರಕ್ಷತೆಗೆ ನಿರ್ಣಾಯಕವೆಂದು ಸರ್ಕಾರ ಅಧಿಸೂಚಿಸಿದ ಬಿಡಿಭಾಗವನ್ನು ಮಾನದಂಡ ಪಾಲಿಸದೆ ಮಾರಿದರೆ ಪ್ರತಿ ಭಾಗಕ್ಕೆ 1 ಲಕ್ಷ ರೂ.ವರೆಗೂ ಹೋಗುತ್ತದೆ.

ಕಾಗದದ ಮೇಲೆ ಇಷ್ಟು ಬಿಗಿಯಿದ್ದರೂ ನೆಲದ ಮೇಲೆ ಚಿತ್ರ ಬೇರೆ. ಭಾಗ ಬಹಿರಂಗವಾಗಿ ಮಾರಾಟವಾಗುತ್ತದೆ, ಹಾಕಿಸಿಕೊಂಡವರು ಮಾತ್ರ ತಪ್ಪಿತಸ್ಥರಾಗುವ ಅಪಾಯ ಹೊರುತ್ತಾರೆ. ಖಾಸಗಿ ಕಾರಿನ ನೋಂದಣಿ 15 ವರ್ಷ ಸಿಂಧು, ಅಲ್ಲಿಯವರೆಗೆ ಫಿಟ್‌ನೆಸ್ ಪರೀಕ್ಷೆಯ ಗೊಡವೆಯಿಲ್ಲ. ವಿಷಯ ಹೊರಬರುವುದು ಹೆಚ್ಚಾಗಿ ಅಪಘಾತವಾಗಿ ವಿಮಾ ಸರ್ವೇಯರ್ ಬಂದಾಗ. ಮಾರ್ಪಾಡು ತಿಳಿಸಿರದಿದ್ದರೆ ಕ್ಲೇಮ್ ತಿರಸ್ಕಾರವಾಗುವ ಸಾಧ್ಯತೆ ಇರುತ್ತದೆ.

ಮಧ್ಯದ ದಾರಿ ಬೇಕು

ಜರ್ಮನಿಯಲ್ಲಿ ಸ್ಪ್ರಿಂಗ್ ಬದಲಿಸಲು ಅಡ್ಡಿಯಿಲ್ಲ. ಆದರೆ ಆ ಭಾಗ ಆ ಕಾರಿಗೆ ಹೊಂದುತ್ತದೆ ಎಂಬ ಪರೀಕ್ಷಾ ವರದಿ ಇರಬೇಕು. ಅಗತ್ಯವಿದ್ದಲ್ಲಿ ತಜ್ಞರು ಜೋಡಣೆ ಪರಿಶೀಲಿಸಿ ವಾಹನದ ದಾಖಲೆಯಲ್ಲಿ ನಮೂದಿಸುತ್ತಾರೆ. ಅದರ ಮೇಲೆ ಎರಡು ವರ್ಷಕ್ಕೊಮ್ಮೆ ತಪಾಸಣೆ. ಬ್ರಿಟನ್‌ನಲ್ಲಿ ಮೂರು ವರ್ಷ ದಾಟಿದ ಕಾರಿಗೆ ಪ್ರತಿವರ್ಷ ಪರೀಕ್ಷೆ. ನಮ್ಮಲ್ಲಿ ವಾಹನ ಪರೀಕ್ಷೆಗೆ ಪುಣೆಯ ಎಆರ್‌ಎಐನಂಥ ಸಂಸ್ಥೆಗಳಿವೆ. ಇಂಥ ಭಾಗಗಳನ್ನು ಪರೀಕ್ಷಿಸಿ ಅನುಮೋದಿಸುವ ಸರಳ ದಾರಿಯೊಂದು ಸಾಮಾನ್ಯ ಮಾಲೀಕರಿಗೆ ತೆರೆಯಬೇಕಿದೆ.

ಪೂರ್ತಿ ನಿಷೇಧ ಎನ್ನುವುದು ಒಳ್ಳೆಯ ಭಾಗವನ್ನೂ ಕಳಪೆ ಭಾಗವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಆಗ ಬಿಲ್ ಕೊಟ್ಟು, ಟಾರ್ಕ್ ರೆಂಚ್ ಹಿಡಿದು ಕೆಲಸ ಮಾಡುವ ಗ್ಯಾರೇಜ್‌ಗೂ ಕದ್ದುಮುಚ್ಚಿ ಮಾಡುವ ಗ್ಯಾರೇಜ್‌ಗೂ ವ್ಯತ್ಯಾಸವೇ ಉಳಿಯದು. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ 100ರ ಮಿತಿ ದಾಟಿದವರನ್ನು ಕ್ಯಾಮೆರಾ ಹಿಡಿಯುತ್ತದೆ, ಆದರೆ ಕಾರಿನಡಿ ಸಡಿಲಗೊಂಡ ಬೋಲ್ಟ್ ಅದಕ್ಕೆ ಕಾಣದು.

ಹೊಸ ವ್ಯವಸ್ಥೆ ಬರುವವರೆಗೆ ಕಾರು ಮಾಲೀಕರ ಮುಂದಿರುವ ಸುರಕ್ಷಿತ ಆಯ್ಕೆ ಒಂದೇ: ಸವೆದ ಹಿಂದಿನ ಶಾಕ್ ಅಬ್ಸಾರ್ಬರ್, ಬುಷ್‌ಗಳ ಜಾಗಕ್ಕೆ ಕಂಪನಿಯ ಅಳತೆಯದೇ ಹೊಸ ಭಾಗ ಹಾಕಿಸುವುದು. ಹಳೆಯ ಕಾರಿನಲ್ಲಿ ಇಷ್ಟರಿಂದಲೇ ಆಗುವ ಬದಲಾವಣೆ ಎದ್ದು ಕಾಣುತ್ತದೆ, ಕಾನೂನಿನ ತಕರಾರೂ ಇರುವುದಿಲ್ಲ. ಈಗಾಗಲೇ ಬೇರೆ ಭಾಗ ಹಾಕಿಸಿಕೊಂಡಿರುವವರು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ, ಮುಂದಿನ ದೂರ ಪ್ರಯಾಣಕ್ಕೆ ಮುನ್ನ ಕಾರನ್ನು ಲಿಫ್ಟ್‌ಗೆ ಏರಿಸಿ ಹಿಂದಿನ ಪ್ರತಿ ಬೋಲ್ಟನ್ನೂ ನೋಡಿಸುವುದು ಒಳಿತು.