ಮೋಟರ್ ಆನೆ, ಸಿಆರ್‌ಒ ಆನೆಯಲ್ಲ

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದ ನಮ್ಮಂಥವರಿಗೂ ಗೊತ್ತಿರೋ ಗಾದೆ ಇದು. ಮಿನಿ ಪ್ರಾಜೆಕ್ಟ್‌ಗೆ ಅಂತ ಹಳೇ ಮೋಟರ್, ಹಳೇ ಸಿಆರ್‌ಒ, ಹಳೇ ಪವರ್ ಸಪ್ಲೈ ಹುಡುಕಿಕೊಂಡು ಬೆಂಗಳೂರಿನ ಎಸ್.ಪಿ. ರೋಡ್‌ಗೋ ನಮ್ಮೂರಿನ ಗುಜರಿ ಅಂಗಡಿಗೋ ಹೋಗುವಾಗ ಈ ಗಾದೆಯನ್ನ ಒಂದು ಪ್ರಶ್ನೆಯಾಗಿ ಕೇಳಿಕೊಳ್ಳಬೇಕು: ನಾವು ಕೊಳ್ಳೋಕೆ ಹೊರಟಿರೋದು ಸತ್ತರೆ ಎಷ್ಟಕ್ಕೆ ಹೋಗುತ್ತೆ?

ಎಲ್ಲಾ ಹಳೇ ಯಂತ್ರವೂ ಆನೆಯಲ್ಲ. ಈ ವ್ಯತ್ಯಾಸ ತಿಳಿಯದೆ ಕೊಂಡರೆ ನಮ್ಮ ಜೇಬಿಗೆ ಏಟು. ತಿಳಿಯದೆ ಮಾರಿದರೆ ನಮ್ಮ ಕಾಲೇಜಿಗೇ ಏಟು. ಈ ಬರಹದಲ್ಲಿ ಎರಡನ್ನೂ ಹೇಳ್ತೀವಿ. ಎರಡನೆಯದರ ಬಗ್ಗೆ ನಮಗೆ ಸ್ವಲ್ಪ ಕೋಪವೂ ಇದೆ.

ಯಾವ ಹಳೇ ಉಪಕರಣಕ್ಕೂ ಎರಡು ಬೆಲೆ ಇರುತ್ತೆ. ಒಂದು ಗುಜರಿ ಬೆಲೆ: ಒಡೆದು, ಬೇರ್ಪಡಿಸಿ, ತಕ್ಕಡಿಗೆ ಹಾಕಿದರೆ ಸಿಗೋದು. ಇನ್ನೊಂದು ಓಡೋ ಬೆಲೆ: ಸ್ವಿಚ್ ಹಾಕಿದಾಗ ಕೆಲಸ ಮಾಡಿದರೆ ಸಿಗೋದು. ಅಂಗಡಿಯವರು ಹೇಳೋ ರೇಟು ಸಾಮಾನ್ಯವಾಗಿ ಇವೆರಡರ ನಡುವೆ ಎಲ್ಲೋ ಇರುತ್ತೆ. ಗುಜರಿ ಬೆಲೆಗಿಂತ ಮೇಲೆ ನಾವು ಕೊಡುವ ಒಂದೊಂದು ರೂಪಾಯಿಯೂ 'ಇದು ಓಡುತ್ತೆ' ಅನ್ನೋ ನಂಬಿಕೆಗೆ ಕೊಟ್ಟ ದುಡ್ಡು. ಹಾಗಾಗಿ ಚೌಕಾಸಿಗೆ ಮೊದಲು ಗುಜರಿ ಬೆಲೆ ಲೆಕ್ಕ ಹಾಕಬೇಕು ಅನ್ನೋದು ನಮ್ಮ ಮೊದಲ ಮಾತು.

ಲೆಕ್ಕ ಕಷ್ಟದ್ದೇನಲ್ಲ. 5 ಎಚ್‌ಪಿಯ ಒಂದು ತ್ರೀ ಫೇಸ್ ಇಂಡಕ್ಷನ್ ಮೋಟರ್ ತಗೊಳ್ಳಿ. ತೂಕ 40 ಕೆಜಿ, ಅದರಲ್ಲಿ ತಾಮ್ರದ ವೈಂಡಿಂಗ್ 4 ಕೆಜಿ ಅಂತ ಇಟ್ಟುಕೊಳ್ಳೋಣ. ದರ ದಿನಾ ಬದಲಾಗುತ್ತೆ, ಅವತ್ತಿನದನ್ನು ಅವತ್ತೇ ವಿಚಾರಿಸಬೇಕು. ಇಲ್ಲಿ ಲೆಕ್ಕಕ್ಕಾಗಿ ಕಬ್ಬಿಣಕ್ಕೆ ಕೆಜಿಗೆ 30, ತಾಮ್ರಕ್ಕೆ 700 ರೂಪಾಯಿ ಹಿಡಿಯೋಣ. 36 ಕೆಜಿ ಕಬ್ಬಿಣಕ್ಕೆ 1080, ತಾಮ್ರಕ್ಕೆ 2800, ಒಟ್ಟು 3880. ತೂಕದಲ್ಲಿ ಹತ್ತರಲ್ಲಿ ಒಂದು ಪಾಲಿರೋ ತಾಮ್ರ ಬೆಲೆಯಲ್ಲಿ ಮುಕ್ಕಾಲು ಪಾಲಿನ ಹತ್ತಿರ ತರುತ್ತೆ, ನೋಡಿ. ಆದರೆ ಇಡೀ ಮೋಟರನ್ನ ಹಾಗೇ ಕೊಟ್ಟರೆ ಇಷ್ಟು ಸಿಗಲ್ಲ. ಬಿಚ್ಚಿ ತಂತಿ ತೆಗೆಯೋ ಕೂಲಿ ಕಳೆದೇ ಅವರು ಕೊಡೋದು. ಮುಕ್ಕಾಲು ಭಾಗ, ಅಂದ್ರೆ 2900 ಅಂತ ಇಟ್ಟುಕೊಂಡರೆ ನಾವು ಸೇಫ್.

ಇಲ್ಲಿ ಒಂದು ಎಚ್ಚರ. ಎಲ್ಲಾ ವೈಂಡಿಂಗೂ ತಾಮ್ರವಲ್ಲ. ಅಗ್ಗದ ಮೋಟರ್‌ಗಳಲ್ಲಿ ಅಲ್ಯೂಮಿನಿಯಂ ತಂತಿಯೂ ಇರುತ್ತೆ, ಮೇಲಿನ ಎನಾಮೆಲ್ ಬಣ್ಣ ನೋಡಿದರೆ ತಾಮ್ರದ ಥರಾನೇ ಕಾಣುತ್ತೆ. ತುದಿಯಲ್ಲಿ ಬ್ಲೇಡಿನಿಂದ ಸ್ವಲ್ಪ ಕೆರೆದು ನೋಡಿದರೆ ಬಿಳಿಯೋ ಕೆಂಪೋ ಗೊತ್ತಾಗುತ್ತೆ. ತಾಮ್ರದ ಸಾಂದ್ರತೆ 8.96, ಅಲ್ಯೂಮಿನಿಯಂದು 2.7 ಅಂತ ಪಿಯುಸಿಯಲ್ಲಿ ಉರು ಹೊಡೆದದ್ದು ಕೊನೆಗೂ ಎಲ್ಲೋ ಒಂದು ಕಡೆ ಉಪಯೋಗಕ್ಕೆ ಬಂತು.

ಈಗ ಸಿಆರ್‌ಒಗೆ ಬನ್ನಿ. ಏಳೆಂಟು ಕೆಜಿ ತೂಕದ ಹಳೇ 20 ಮೆಗಾಹರ್ಟ್ಸ್ ಡ್ಯುಯಲ್ ಟ್ರೇಸ್ ಸಿಆರ್‌ಒ ಒಳಗೆ ಏನಿದೆ? ತಗಡಿನ ಡಬ್ಬಿ, ಒಂದು ಚಿಕ್ಕ ಟ್ರಾನ್ಸ್‌ಫಾರ್ಮರ್, ಕೆಲವು ಬೋರ್ಡು, ಗಾಜಿನ ಪಿಕ್ಚರ್ ಟ್ಯೂಬು. ಆ ಟ್ಯೂಬನ್ನ ಗುಜರಿಯವರು ಬೇಡ ಅಂತಾನೇ ಹೇಳ್ತಾರೆ. ಹಾಗಾಗಿ ಗುಜರಿ ಬೆಲೆ ಹೆಚ್ಚುಕಡಿಮೆ 100 ರೂಪಾಯಿ ಅಂದುಕೊಳ್ಳಿ. ಓಡಿದರೆ ಮಾತ್ರ ಸಾವಿರಗಳಲ್ಲಿ ಬೆಲೆ. ಇದು ಸತ್ತರೆ ಸಾವಿರ ಅಲ್ಲ, ಸತ್ತರೆ ನೂರು.

ಎರಡನ್ನೂ ಅಕ್ಕಪಕ್ಕ ಇಡೋಣ. ಎರಡೂ ಓಡಿದರೆ 8000ಕ್ಕೆ ಬಾಳುತ್ತೆ, ಎರಡಕ್ಕೂ ಅಂಗಡಿಯವರು 5000 ಕೇಳ್ತಿದ್ದಾರೆ. ಮೋಟರ್ ಕೆಟ್ಟಿದ್ದರೆ 2900 ವಾಪಸ್ ಬರುತ್ತೆ, ನಷ್ಟ 2100. ಸಿಆರ್‌ಒ ಕೆಟ್ಟಿದ್ದರೆ ನಷ್ಟ 4900. ಪ್ರಾಬಬಿಲಿಟಿ ಲೆಕ್ಕ ಮಾಡಿ: ಇಂಥ ಮೋಟರ್‌ಗಳಲ್ಲಿ ಹತ್ತಕ್ಕೆ ನಾಲ್ಕು ಓಡಿದರೂ 5000 ಕೊಟ್ಟದ್ದಕ್ಕೆ ಸುಮಾರಾಗಿ ಸರಿಹೋಗುತ್ತೆ. ಸಿಆರ್‌ಒ ಆದ್ರೆ ಹತ್ತಕ್ಕೆ ಆರಕ್ಕಿಂತ ಹೆಚ್ಚು ಓಡಲೇಬೇಕು. ರಿಪೇರಿಯೂ ಹಾಗೇ. ಬೋರ್‌ವೆಲ್ ಪಂಪ್‌ಸೆಟ್‌ಗಳ ಪುಣ್ಯದಿಂದ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ರೀವೈಂಡಿಂಗ್ ಅಂಗಡಿಗೆ ಬರವಿಲ್ಲ. ಪಿಕ್ಚರ್ ಟ್ಯೂಬ್ ಹೋದ ಸಿಆರ್‌ಒ ಎಲ್ಲಿಗೆ ಒಯ್ಯೋದು?

ಈ ಅನುಮಾನವನ್ನ ಕಡಿಮೆ ಮಾಡೋ ದಾರಿ ಒಂದೇ, ಟೆಸ್ಟಿಂಗ್. ಮೋಟರ್ ಆದ್ರೆ ಶಾಫ್ಟನ್ನ ಕೈಯಲ್ಲಿ ತಿರುಗಿಸಿ ಬೇರಿಂಗ್ ಸದ್ದು ಕೇಳಿ. ಟರ್ಮಿನಲ್ ಬಾಕ್ಸ್ ತೆಗೆದು ಸುಟ್ಟ ವಾಸನೆ ಇದೆಯಾ ಮೂಸಿ ನೋಡಿ. ಲಿಂಕ್ ಬಿಚ್ಚಿ ಮೂರೂ ವೈಂಡಿಂಗ್‌ಗಳ ರೆಸಿಸ್ಟೆನ್ಸ್ ಅಳೆಯಿರಿ, ಮೂರೂ ಹತ್ತಿರ ಹತ್ತಿರ ಒಂದೇ ಇರಬೇಕು. 500 ವೋಲ್ಟ್ ಮೆಗ್ಗರ್‌ನಲ್ಲಿ ವೈಂಡಿಂಗ್‌ಗೂ ಬಾಡಿಗೂ ನಡುವೆ 1 ಮೆಗಾಓಮ್ ಕೂಡ ಬರದಿದ್ದರೆ ಸಪ್ಲೈ ಕೊಡೋ ಮಾತೇ ಬೇಡ. ಸಿಆರ್‌ಒ ಆದ್ರೆ ಎರಡೂ ಚಾನೆಲ್‌ನಲ್ಲಿ ಗೆರೆ ಬರುತ್ತಾ ನೋಡಿ, ಪ್ರೋಬನ್ನ ಕ್ಯಾಲಿಬ್ರೇಷನ್ ಪಿನ್ನಿಗೆ ಹಿಡಿದು ಚೌಕದ ಅಲೆ ನೆಟ್ಟಗಿದೆಯಾ ನೋಡಿ, ಒಂದೊಂದು ನಾಬನ್ನೂ ತಿರುಗಿಸಿ. ಮುಚ್ಚಳ ಮಾತ್ರ ನೀವೇ ತೆಗೆಯಬೇಡಿ, ಸ್ವಿಚ್ ಆರಿಸಿದ ಮೇಲೂ ಒಳಗೆ ಹೈ ವೋಲ್ಟೇಜ್ ಉಳಿದಿರುತ್ತೆ. ಪವರ್ ಸಪ್ಲೈಗೆ ಮೀಟರ್ ಇಟ್ಟು ನೋಡಿದರೆ ಸಾಲದು, ಗಾಡಿಯ 12 ವೋಲ್ಟ್ ಬಲ್ಬನ್ನ ಲೋಡ್ ಆಗಿ ಹಾಕಿ ವೋಲ್ಟೇಜ್ ಕುಸಿಯುತ್ತಾ ನೋಡಬೇಕು. ಟೆಸ್ಟ್ ಮಾಡೋಕೆ ಅಂಗಡಿಯವರು ಬಿಡದಿದ್ದರೆ ಗುಜರಿ ಬೆಲೆ ಮಾತ್ರ ಕೊಡ್ತೀವಿ ಅನ್ನೋದೇ ನ್ಯಾಯ.

ಗುಜರಿ ಬೆಲೆಯ ಬಗ್ಗೆ ಹಾಸ್ಟೆಲ್‌ನಲ್ಲಿ ಹಬ್ಬಿರೋ ಒಂದು ಕನಸೂ ಇದೆ: ಮದರ್‌ಬೋರ್ಡಲ್ಲಿ ಚಿನ್ನ ಇದೆ ಅಂತ. ಇದೆ, ನಿಜ. ಆದರೆ ಕನೆಕ್ಟರ್ ಮೇಲಿನ ಲೇಪ ಮೈಕ್ರಾನ್ ಲೆಕ್ಕದ್ದು. ಅದಕ್ಕೆ ಆಸಿಡ್ ಸುರಿದು ಶ್ವಾಸಕೋಶ ಕೆಡಿಸಿಕೊಳ್ಳೋದು, ತಾಮ್ರಕ್ಕಾಗಿ ಪಿವಿಸಿ ವೈರ್ ಸುಟ್ಟು ವಿಷದ ಹೊಗೆ ಕುಡಿಯೋದು, ಇವೆರಡೂ ಯಾವ ಬೆಲೆಯ ಪಟ್ಟಿಗೂ ಸೇರಬಾರದು.

ಈಗ ಕಾಲೇಜಿನ ವಿಷಯ. ಲ್ಯಾಬ್‌ನಲ್ಲಿ ಹೊಸ ಡಿಜಿಟಲ್ ಸ್ಕೋಪ್ ಬಂತು ಅಂದ್ರೆ ಹಳೇ ಸಿಆರ್‌ಒಗಳು ಸ್ಟೋರ್ ರೂಮಿಗೆ ಹೋಗುತ್ತವೆ. ಒಂದೆರಡು ವರ್ಷ ಧೂಳು ತಿಂದ ಮೇಲೆ ಕಂಡೆಮ್ ಆಗುತ್ತವೆ. ಆಮೇಲೆ ಮುರಿದ ಸ್ಟೂಲು, ತುಕ್ಕು ಹಿಡಿದ ರ್‍ಯಾಕು, ಸಿಆರ್‌ಒ, ಮೋಟರ್ ಎಲ್ಲಾ ಒಂದೇ ಲಾಟ್, ಒಂದೇ ತಕ್ಕಡಿ. ಆನೆಯನ್ನೂ ಕುರ್ಚಿಯನ್ನೂ ಒಂದೇ ರೇಟಿಗೆ ತೂಗೋದು ಅಂದ್ರೆ ಇದೇ. ಕೊಂಡವರು ಮನೆಗೆ ಹೋಗಿ ಒಂದೊಂದನ್ನೇ ಪ್ಲಗ್‌ಗೆ ಹಾಕಿ ನೋಡ್ತಾರೆ. ಓಡಿದ್ದನ್ನು ಓಡೋ ಬೆಲೆಗೆ ಮಾರ್ತಾರೆ. ಬೇರೆ ಕಾಲೇಜುಗಳ ಡಿಪಾರ್ಟ್‌ಮೆಂಟ್ ಹೆಸರು, ಸ್ಟಾಕ್ ನಂಬರ್ ಇನ್ನೂ ಅಳಿಸದ ಮೀಟರ್‌ಗಳನ್ನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ನಾವೇ ನೋಡಿದ್ದೀವಿ. ಇದರಲ್ಲಿ ಗುಜರಿಯವರ ತಪ್ಪೇನಿಲ್ಲ. ಅವರು ದುಡಿದದ್ದು ಟೆಸ್ಟಿಂಗ್‌ನ ಕೂಲಿ. ಟೆಸ್ಟಿಂಗ್ ಕಲಿಯೋಕೆ ಅಂತಾನೇ ಫೀಸ್ ಕಟ್ಟಿ ಬಂದ ನಾವು ನೂರಾರು ಜನ ಇಲ್ಲೇ ಇದ್ದೀವಲ್ಲ, ಆ ಕೆಲಸ ನಮಗೆ ಯಾಕೆ ಕೊಡಲಿಲ್ಲ ಅನ್ನೋದೇ ನಮ್ಮ ಕೋಪ.

ಹಾಗಂತ ನಾವು ಕೇಳ್ತಿರೋದು ಹೊಸದೇನಲ್ಲ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಬೇಡವಾದ ಸಾಮಾನು ಮಾರುವ ಮೊದಲು ಪುಸ್ತಕದ ಬೆಲೆ, ಅಂದಾಜು ಬೆಲೆ, ಕನಿಷ್ಠ ಬೆಲೆ ಮೂರನ್ನೂ ಲೆಕ್ಕ ಹಾಕಬೇಕು ಅನ್ನುತ್ತವೆ. ಖಾಸಗಿ ಕಾಲೇಜಿಗೆ ಅದು ಕಡ್ಡಾಯವಲ್ಲ, ಆದರೆ ಬುದ್ಧಿಮಾತಾಗಿ ತಗೊಳ್ಳೋಕೆ ಅಡ್ಡಿ ಇಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರೋ ಇ-ವೇಸ್ಟ್ ನಿಯಮಗಳು ಮರುಬಳಕೆಗೆ ಸಿದ್ಧಪಡಿಸುವ ರಿಫರ್ಬಿಷರ್‌ಗಳನ್ನೂ ಗುರುತಿಸಿ ನೋಂದಣಿ ಮಾಡಿಸುತ್ತವೆ. ಅಂದ್ರೆ ಎಸೆಯೋ ಮುಂಚೆ ಬಳಸಬಹುದಾ ಅಂತ ನೋಡೋದು ಕಾನೂನಿನ ಆಶಯವೂ ಹೌದು.

ನಮ್ಮ ಬೇಡಿಕೆ ಮೂರೇ. ಕಂಡೆಮ್ ಪಟ್ಟಿ ಸಹಿಗೆ ಹೋಗುವ ಮೊದಲು ಲ್ಯಾಬ್ ಇನ್‌ಸ್ಟ್ರಕ್ಟರ್ ಸಮ್ಮುಖದಲ್ಲಿ ವಿದ್ಯಾರ್ಥಿಗಳು ಪ್ರತಿಯೊಂದನ್ನೂ ಟೆಸ್ಟ್ ಮಾಡಿ 'ಓಡುತ್ತೆ', 'ರಿಪೇರಿ ಆಗುತ್ತೆ', 'ಸತ್ತಿದೆ' ಅಂತ ಚೀಟಿ ಅಂಟಿಸಲಿ. ಪಟ್ಟಿಯಲ್ಲಿ ಗುಜರಿ ಬೆಲೆ, ಓಡೋ ಬೆಲೆ ಎರಡೂ ಇರಲಿ. ಓಡೋದನ್ನ ಮೊದಲು ಪ್ರಾಜೆಕ್ಟ್ ತಂಡಗಳಿಗೆ, ಹತ್ತಿರದ ಐಟಿಐ, ಪಾಲಿಟೆಕ್ನಿಕ್‌ಗಳಿಗೆ ಬೆಲೆ ಹೇಳಿ ಕೊಡಿ. ಸತ್ತ ಎಲೆಕ್ಟ್ರಾನಿಕ್ಸ್ ನೋಂದಾಯಿತ ರೀಸೈಕ್ಲರ್‌ಗೆ ಹೋಗಲಿ, ಸ್ಟೂಲು ತಕ್ಕಡಿಗೆ ಹೋಗಲಿ.

ಆಡಿಟ್‌ನಲ್ಲಿ ತೊಂದರೆ ಆಗುತ್ತೆ, ಬೇಕಾದವರಿಗೆ ಕಡಿಮೆ ಬೆಲೆಗೆ ಕೊಟ್ಟರು ಅಂತ ಮಾತು ಬರುತ್ತೆ ಅನ್ನೋರು ಇದ್ದಾರೆ. ಆ ಭಯ ಸುಳ್ಳಲ್ಲ. ಅದಕ್ಕೇ ಎರಡೂ ಬೆಲೆ ನೋಟಿಸ್ ಬೋರ್ಡಿನಲ್ಲಿ ಹಾಕಿ ಅಂತಿರೋದು. ಒಂದಕ್ಕಿಂತ ಹೆಚ್ಚು ಜನ ಕೇಳಿದರೆ ಮುಚ್ಚಿದ ಲಕೋಟೆಯಲ್ಲಿ ಬೆಲೆ ಬರೆಸಿಕೊಳ್ಳಿ. ತಕ್ಕಡಿಯ ರಸೀದಿಗಿಂತ ಟೆಸ್ಟ್ ರಿಪೋರ್ಟ್ ಇರೋ ಕಡತ ಆಡಿಟರ್ ಮುಂದೆ ಗಟ್ಟಿಯಾಗೇ ನಿಲ್ಲುತ್ತೆ. ಹುಡುಗರು ಕೊಂಡು ಹಾಸ್ಟೆಲ್‌ನಲ್ಲಿ ರಾಶಿ ಹಾಕ್ತಾರೆ ಅನ್ನೋ ಮಾತೂ ಸ್ವಲ್ಪ ನಿಜ. ಪ್ರಾಜೆಕ್ಟ್ ಮುಗಿದ ಮೇಲೆ ವಾಪಸ್ ಕೊಡಬೇಕು ಅನ್ನೋ ಷರತ್ತು ಹಾಕಿ, ನಮ್ಮ ಒಪ್ಪಿಗೆ ಇದೆ.

ಮಾರ್ಚ್ ಬಂದರೆ ಸ್ಟಾಕ್ ವೆರಿಫಿಕೇಷನ್ ಶುರು. ಅದಕ್ಕೆ ಮೊದಲು ಎಚ್‌ಒಡಿ ಅವರಿಗೆ ಒಂದು ಮನವಿ ಕೊಡೋಣ ಅಂತಿದ್ದೀವಿ. ಸಹಿ ಹಾಕೋರು, ಅದಕ್ಕಿಂತ ಮುಖ್ಯವಾಗಿ ಎರಡು ಶನಿವಾರ ಮಲ್ಟಿಮೀಟರ್ ಹಿಡಿದು ಧೂಳಲ್ಲಿ ಕೂರೋಕೆ ತಯಾರಿರೋರು ಕನ್ನಡ ಸಂಘದವರನ್ನ ಕಾಣಿ.