‘ಸರ್ವರ್ ಸ್ಲೋ’ ಎಂಬ ನೆಪ

‘ಸರ್ವರ್ ಸ್ಲೋ ಇದೆ, ನಾಳೆ ಬನ್ನಿ’ ಎಂಬ ಮಾತು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಅದನ್ನು ಹಣೆಬರಹವೆಂದು ನಂಬಬೇಡಿ. ಎಷ್ಟೋ ಸಲ ಅದು ಯಾರೋ ಮಾಡದೆ ಬಿಟ್ಟ ಕೆಲಸ.

ನಾನು ದುಡಿದ ಕಚೇರಿಯೊಂದರಲ್ಲಿ ಲೆಕ್ಕಪತ್ರಗಳೆಲ್ಲ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿದ್ದವು. ಒಂದು ರಾತ್ರಿ ಅದನ್ನು ಹೊಸ ಆವೃತ್ತಿಗೆ ಏರಿಸಿದೆವು. ಬೆಳಗ್ಗೆ ಎಲ್ಲವೂ ಆಮೆನಡಿಗೆ. ಕೌಂಟರಿನ ಹುಡುಗಿ ಜನರಿಂದ ಬೈಸಿಕೊಂಡಳು. ಸಾಹೇಬರು ‘ದೊಡ್ಡ ಯಂತ್ರ ಕೊಳ್ಳೋಣ’ ಎಂದರು.

ಕೊರತೆ ಯಂತ್ರದ್ದಲ್ಲ. ಯಾವ ಕೋಷ್ಟಕದಲ್ಲಿ ಏನು, ಎಷ್ಟಿದೆ ಎಂಬ ಅಂದಾಜು ನೋಡಿಯೇ ಡೇಟಾಬೇಸ್ ಹುಡುಕುವ ದಾರಿ ಆರಿಸುತ್ತದೆ. 18ನೇ ಆವೃತ್ತಿ 2025ರಲ್ಲಿ ಬರುವವರೆಗೂ, ಏರಿಸುವಾಗ ಆ ಅಂದಾಜು ಜೊತೆಗೆ ಬರುತ್ತಿರಲಿಲ್ಲ. ಹೊಸ ಮನೆಗೆ ಬಂದ ಸೊಸೆ ಸಾಸಿವೆಗಾಗಿ ಎಲ್ಲ ಡಬ್ಬಿಗಳನ್ನೂ ತೆರೆದು ನೋಡುವ ಪಾಡು! ‘ಅನಲೈಜ್’ ಎಂಬ ಒಂದೇ ಆಜ್ಞೆ ಕೊಟ್ಟೆ. ಮಧ್ಯಾಹ್ನದೊಳಗೆ ಕೌಂಟರಿನ ಸಾಲು ಕರಗಿತು.

ಯಂತ್ರ ಕೊಂಡಿದ್ದರೆ ಪೂಜೆ, ಸಿಹಿ, ಫೋಟೋ. ಅಚ್ಚುಕಟ್ಟು ಮಾಡಿದವಳಿಗೆ ಒಂದು ಮಾತೂ ಇಲ್ಲ. ಅಡುಗೆಮನೆಯ ನ್ಯಾಯವೂ ಇದೇ ಅಲ್ಲವೆ? ಈ ವಿದ್ಯೆಯನ್ನು ನಿಮ್ಮ ಹೆಣ್ಣುಮಕ್ಕಳಿಗೆ ಕಲಿಸಿ. ಜೊತೆಗೆ, ಮಾಡಿದ ಕೆಲಸಕ್ಕೆ ತಕ್ಕ ಸಂಬಳ ಕೇಳುವುದನ್ನೂ ಕಲಿಸಿ.